ನಂಬರ್ ಬದಲಾಯಿಸಿದರೆ ಕೈಪಿಡಿ ಹೊಸದಾಯಿತೇ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ ಸುತ್ತ ಸುತ್ತುತ್ತಿದ್ದವು: ತಂತ್ರಾಂಶದ ಹೊಸ ಆವೃತ್ತಿ ಹೊರಬರುವಾಗ ಅದರ ಇನ್‌ಸ್ಟಾಲ್ ಕೈಪಿಡಿಯನ್ನು ಏನು ಮಾಡುವುದು? ನಾನು 8 ವರ್ಷ ಸಪೋರ್ಟ್ ಫೋನ್ ಎತ್ತಿದವಳು, ಆಮೇಲೆ 12 ವರ್ಷ ಇಂಥ ಕೈಪಿಡಿಗಳನ್ನೇ ಬರೆದವಳು. ಎರಡೂ ಕಡೆಯ ಏಟು ತಿಂದಿದ್ದೇನೆ. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿ ಇಡೀ ಅಂಕಣವನ್ನು ಇದಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ಚಿಕ್ಕ ತಂಡವೊಂದಕ್ಕೆ ಟೆಕ್ನಿಕಲ್ ರೈಟರ್ ಆಗಿ ಸೇರಿ 4 ತಿಂಗಳಾಯಿತು. ಇನ್ನು 3 ವಾರಕ್ಕೆ ಹೊಸ ರಿಲೀಸ್. ಇನ್‌ಸ್ಟಾಲ್ ಕೈಪಿಡಿ 40 ಪುಟ ಇದೆ, 2 ಆವೃತ್ತಿಯಷ್ಟು ಹಳೆಯದು. ಬರೆದವರು ಕೆಲಸ ಬಿಟ್ಟು ಹೋಗಿದ್ದಾರೆ. "ಆವೃತ್ತಿ ನಂಬರ್ ಬದಲಾಯಿಸಿ ಹಾಕಿಬಿಡಿ, ಉಳಿದದ್ದೆಲ್ಲ ಹಾಗೇ ಇದೆ" ಎನ್ನುತ್ತಾರೆ ನಮ್ಮ ಟೀಮ್ ಲೀಡ್. ನನಗೇಕೋ ಧೈರ್ಯ ಬರುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?
(ಹೊಸಬಳು)

ಉತ್ತರ: ನಿಮ್ಮ ಲೀಡ್ ಹೇಳಿದ್ದನ್ನು ನಾನೊಮ್ಮೆ ಅಕ್ಷರಶಃ ಮಾಡಿದ್ದೇನೆ. ನಮ್ಮ ತಂತ್ರಾಂಶ 4.2ರಿಂದ 4.3ಕ್ಕೆ ಹೋಗುತ್ತಿತ್ತು. ಶುಕ್ರವಾರ ಸಂಜೆ ಫೈಂಡ್ ಅಂಡ್ ರಿಪ್ಲೇಸ್ ಒತ್ತಿದೆ. 61 ಕಡೆ ಬದಲಾಯಿತು ಅಂತ ತೋರಿಸಿತು. ನೆಮ್ಮದಿಯಾಗಿ ಮನೆಗೆ ಹೋದೆ. ಸೋಮವಾರ ಬೆಳಿಗ್ಗೆ ಫೋನ್ ಶುರು. "ಕನಿಷ್ಠ 4.2 ಜಿಬಿ ಜಾಗ ಇರಬೇಕು" ಎಂಬುದು 4.3 ಜಿಬಿ ಆಗಿತ್ತು. ಅದರಿಂದ ಯಾರೂ ಸಾಯಲಿಲ್ಲ. ಆದರೆ ನಾವು ಬಳಸುತ್ತಿದ್ದ ಬೇರೆಯವರ ಲೈಬ್ರರಿಯೊಂದರ (ಸಿದ್ಧ ಕೋಡ್ ಕಟ್ಟಿನ) ಆವೃತ್ತಿಯೂ ದುರದೃಷ್ಟಕ್ಕೆ 4.2. ಅದೂ 4.3 ಆಗಿತ್ತು, ಮತ್ತು ಆ ಲೈಬ್ರರಿಯ 4.3 ಇನ್ನೂ ಹುಟ್ಟಿಯೇ ಇರಲಿಲ್ಲ. ಜನ ಇಲ್ಲದ್ದನ್ನು ಹುಡುಕಿ ಹುಡುಕಿ ಸುಸ್ತಾಗಿದ್ದರು. ಎಲ್ಲಕ್ಕಿಂತ ಚೆಂದದ್ದು ಅಪ್‌ಗ್ರೇಡ್ ಅಧ್ಯಾಯದ ತಲೆಬರಹ: "4.3ರಿಂದ 4.3ಕ್ಕೆ ಬರುವುದು ಹೇಗೆ?" ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಕಟ್ಟಿದವಳು ನಾನೇ.

ಇಷ್ಟು ನಗುವ ಭಾಗ. ಫೈಂಡ್ ಅಂಡ್ ರಿಪ್ಲೇಸ್ ಮುಟ್ಟಿದ ಜಾಗಗಳ ತಪ್ಪು ಬೇಗ ಬಯಲಾಗುತ್ತದೆ. ಅದು ಮುಟ್ಟದೆ ಬಿಟ್ಟ ಸಾಲುಗಳದ್ದೇ ಕಷ್ಟ. "ಉಳಿದದ್ದೆಲ್ಲ ಹಾಗೇ ಇದೆ" ಅನ್ನುವಾಗ ನಿಮ್ಮ ಲೀಡ್ ತಮ್ಮ ಕೋಡ್ ಬಗ್ಗೆ ಮಾತಾಡುತ್ತಿದ್ದಾರೆ. ಇನ್‌ಸ್ಟಾಲ್ ಕೈಪಿಡಿಯ ಹೆಚ್ಚಿನ ಸಾಲುಗಳು ಅವರ ಕೋಡ್ ಬಗ್ಗೆ ಇರುವುದೇ ಇಲ್ಲ. ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ಪೈಥಾನ್, ವೆಬ್ ಸರ್ವರ್, ಹೀಗೆ ಬೇರೆಯವರು ಕಟ್ಟಿ ಬೇರೆಯವರು ಬದಲಾಯಿಸುವ ವಸ್ತುಗಳ ಬಗ್ಗೆ ಇರುತ್ತವೆ. ನೀವು ಒಂದಕ್ಷರ ತಿದ್ದದಿದ್ದರೂ ಅವು ಕೆಳಗಿನಿಂದ ಸರಿದಿರುತ್ತವೆ.

ಪೋಸ್ಟ್‌ಗ್ರೆಸ್ ಡೇಟಾಬೇಸನ್ನೇ ನೋಡಿ. ಎಷ್ಟೋ ಕೈಪಿಡಿಗಳಲ್ಲಿ ಅದೇ ಮೂರು ಸಾಲು ಇರುತ್ತದೆ: ಡೇಟಾಬೇಸ್ ಸೃಷ್ಟಿಸಿ, ಒಬ್ಬ ಬಳಕೆದಾರನನ್ನು ಸೃಷ್ಟಿಸಿ, ಆ ಡೇಟಾಬೇಸ್ ಮೇಲೆ ಅವನಿಗೆ ಎಲ್ಲ ಅಧಿಕಾರ ಕೊಡಿ. 14ನೇ ಆವೃತ್ತಿಯ ತನಕ ಇಷ್ಟು ಸಾಕಿತ್ತು. "ಪಬ್ಲಿಕ್" ಎಂಬ ಸ್ಕೀಮಾದಲ್ಲಿ (ಟೇಬಲ್‌ಗಳನ್ನು ಗುಂಪಾಗಿ ಇಡುವ ಜಾಗದಲ್ಲಿ) ಟೇಬಲ್ ಕಟ್ಟುವ ಅನುಮತಿ ಎಲ್ಲರಿಗೂ ತಾನಾಗಿಯೇ ಇರುತ್ತಿತ್ತು. 2022ರ ಅಕ್ಟೋಬರ್‌ನಲ್ಲಿ ಬಂದ 15ನೇ ಆವೃತ್ತಿ ಆ ಅನುಮತಿಯನ್ನು ತೆಗೆದುಹಾಕಿತು. ಈಗ ಆ ಮೂರು ಸಾಲು ಹೊಡೆದರೆ ಮೂರೂ ಸಲೀಸಾಗಿ ಓಡುತ್ತವೆ. ನಾಲ್ಕನೆಯ ಹೆಜ್ಜೆಯಲ್ಲಿ ತಂತ್ರಾಂಶ ಟೇಬಲ್ ಕಟ್ಟಲು ಹೋದಾಗ "ಪರ್ಮಿಷನ್ ಡಿನೈಡ್ ಫಾರ್ ಸ್ಕೀಮಾ ಪಬ್ಲಿಕ್" ಅಂತ ನಿಲ್ಲುತ್ತದೆ. ಡೇಟಾಬೇಸ್ ಸೃಷ್ಟಿಸುವಾಗಲೇ ಆ ಬಳಕೆದಾರನನ್ನು ಅದರ ಒಡೆಯನನ್ನಾಗಿ ಮಾಡಿದರೆ ಮುಗಿಯಿತು, ಅರ್ಧ ಸಾಲಿನ ತಿದ್ದುಪಡಿ. ಆದರೆ ಈ ದೋಷದ ತುಂಟತನ ನೋಡಿ. ಹಳೆಯ ಪೋಸ್ಟ್‌ಗ್ರೆಸ್‌ನಿಂದ ಅಪ್‌ಗ್ರೇಡ್ ಆಗಿ ಬಂದ ಡೇಟಾಬೇಸ್‌ಗಳಲ್ಲಿ ಹಳೆಯ ಅನುಮತಿ ಹಾಗೇ ಉಳಿದಿರುತ್ತದೆ. ಡೆವಲಪರ್‌ಗಳ ಯಂತ್ರದಲ್ಲಿ ವರ್ಷಗಳಿಂದ ಉಳಿದುಬಂದಿರುವುದು ಸಾಮಾನ್ಯವಾಗಿ ಅಂಥವೇ. ಹಾಗಾಗಿ ಅವರಿಗೆ ಎಲ್ಲವೂ ಸರಿ. ಎಡವುವವನು ಮೊದಲ ಸಲ ಇನ್‌ಸ್ಟಾಲ್ ಮಾಡುವವನು ಮಾತ್ರ, ಮತ್ತು ನಿಮ್ಮ ಕೈಪಿಡಿಯನ್ನು ಮೊದಲಿಂದ ಕೊನೆಯತನಕ ಓದುವವನೂ ಅವನೊಬ್ಬನೇ.

ಇಂಥವು ಇನ್ನೂ ಬೇಕಾದಷ್ಟಿವೆ. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12 ಎಂಬ ಲಿನಕ್ಸ್‌ನಲ್ಲಿ ಪಿಪ್ ಎಂಬ ಸಾಧನ ಬಳಸಿ ಸಿಸ್ಟಮ್ಮಿಗೇ ನೇರವಾಗಿ ಪೈಥಾನ್ ಪ್ಯಾಕೇಜ್ ಹಾಕಲು ಹೋದರೆ ಅದು ನಿರಾಕರಿಸುತ್ತದೆ. ವರ್ಚುವಲ್ ಎನ್ವಿರಾನ್ಮೆಂಟ್ (ಸಿಸ್ಟಮ್ಮಿನಿಂದ ಬೇರೆಯಾದ ಪ್ಯಾಕೇಜ್ ಫೋಲ್ಡರ್) ಮಾಡಿಕೊಳ್ಳಿ ಅನ್ನುತ್ತದೆ. (ಇದನ್ನು ದಾಟಲು ಒಂದು ಆಯ್ಕೆ ಇದೆ, ಅದರ ಹೆಸರೇ "ಬ್ರೇಕ್ ಸಿಸ್ಟಮ್ ಪ್ಯಾಕೇಜಸ್". ಹೆಸರಲ್ಲೇ "ಮುರಿ" ಅಂತ ಬರೆದಿರುವುದನ್ನು ಕೈಪಿಡಿಗೆ ಸೇರಿಸಿದವರನ್ನೂ ಕಂಡಿದ್ದೇನೆ.) ಇನ್ನೊಂದು ಲಿನಕ್ಸ್ ಆದ ಉಬುಂಟು 24.04ರಲ್ಲಿ ಪ್ಯಾಕೇಜ್ ಮೂಲಗಳ ಪಟ್ಟಿ ಹಳೆಯ "ಸೋರ್ಸಸ್ ಡಾಟ್ ಲಿಸ್ಟ್" ಕಡತದಿಂದ ಬೇರೆ ಕಡತಕ್ಕೆ, ಬೇರೆ ವಿನ್ಯಾಸಕ್ಕೆ ಹೋಗಿದೆ. "ಈ ಕಡತ ತೆರೆದು ಮೂರನೇ ಸಾಲು ತಿದ್ದಿ" ಎಂದು ನೀವು ಬರೆದಿದ್ದರೆ ಓದುಗ ತೆರೆದಾಗ ಅಲ್ಲಿ ಮೂರನೇ ಸಾಲಿನ ಸುಳಿವೇ ಇರುವುದಿಲ್ಲ. ಹಲವು ಕಂಟೇನರ್‌ಗಳನ್ನು (ತಂತ್ರಾಂಶವನ್ನು ಬೇರೆಯಾಗಿ ಮುಚ್ಚಿಟ್ಟು ಓಡಿಸುವ ಡಬ್ಬಿಗಳನ್ನು) ಒಟ್ಟಿಗೆ ಎಬ್ಬಿಸುವ ಡಾಕರ್ ಕಂಪೋಸ್‌ನ ಹಳೆಯ ಆವೃತ್ತಿಗೆ 2023ರ ಜುಲೈನಿಂದ ಅಪ್‌ಡೇಟ್ ನಿಂತಿದೆ. ಹಳೆಯ ಕಮಾಂಡಿನಲ್ಲಿ ಎರಡು ಪದಗಳ ನಡುವೆ ಅಡ್ಡಗೆರೆ ಇತ್ತು, ಹೊಸದರಲ್ಲಿ ಬರೀ ಜಾಗ. ಒಂದು ಗೆರೆಗಾಗಿ ಅರ್ಧ ದಿನ ಕಳೆದವರ ಫೋನ್ ನನಗೆ ಬಂದಿದೆ.

ಈಗ ನಿಮ್ಮ 3 ವಾರಕ್ಕೆ ಬರೋಣ. ಮೊದಲ ವಾರ ಒಂದಕ್ಷರವನ್ನೂ ತಿದ್ದಬೇಡಿ. ಖಾಲಿ ವರ್ಚುವಲ್ ಮೆಷಿನ್ (ಕಂಪ್ಯೂಟರ್ ಒಳಗಿನ ನಕಲಿ ಕಂಪ್ಯೂಟರ್) ಒಂದನ್ನು ಮಾಡಿ, ಆಪರೇಟಿಂಗ್ ಸಿಸ್ಟಮ್ ಹಾಕಿದ ಕೂಡಲೇ ಅದರ ಸ್ನ್ಯಾಪ್‌ಶಾಟ್ (ಆ ಕ್ಷಣದ ಪೂರ್ತಿ ನಕಲು) ತೆಗೆದಿಟ್ಟುಕೊಳ್ಳಿ. ಆಮೇಲೆ ಹಳೆಯ ಕೈಪಿಡಿಯನ್ನೇ ಮುಂದಿಟ್ಟುಕೊಂಡು ಹೊಸ ಆವೃತ್ತಿಯನ್ನು ಇನ್‌ಸ್ಟಾಲ್ ಮಾಡಿ. ಪಕ್ಕದಲ್ಲಿ ಕಾಗದ ಇರಲಿ. ಕೈಪಿಡಿಯಲ್ಲಿ ಇಲ್ಲದ ಯಾವುದನ್ನಾದರೂ ನಿಮ್ಮ ಬೆರಳು ತಾನಾಗಿ ಹೊಡೆದರೆ ತಕ್ಷಣ ಬರೆದುಕೊಳ್ಳಿ. ಇದು ಕೇಳಿದಷ್ಟು ಸುಲಭವಲ್ಲ. ಗೊತ್ತಿರುವವರ ಕೈ ಕಳ್ಳಕೈ. ಕೇಳದೆ ಫೋಲ್ಡರ್ ಬದಲಾಯಿಸುತ್ತದೆ, ಕೇಳದೆ ಸರ್ವಿಸ್ ರೀಸ್ಟಾರ್ಟ್ ಮಾಡುತ್ತದೆ. ಸಿಕ್ಕಿಬಿದ್ದಾಗಲೆಲ್ಲ ಸ್ನ್ಯಾಪ್‌ಶಾಟಿಗೆ ಮರಳಿ ಮೊದಲಿನಿಂದ ಶುರು ಮಾಡಿ. ಅರ್ಧ ಕೆಟ್ಟ ಯಂತ್ರದ ಮೇಲೆ ತೇಪೆ ಹಾಕುತ್ತಾ ಹೋದರೆ ಕೊನೆಗೆ ಯಾವ ತೇಪೆಯಿಂದ ಕೆಲಸ ಆಯಿತು ಅನ್ನುವುದು ನಿಮಗೂ ತಿಳಿಯುವುದಿಲ್ಲ.

ವರ್ಚುವಲ್ ಮೆಷಿನ್ ಬದಲು ಕಂಟೇನರ್ ಸಾಲದೇ ಅಂತ ಯಾರಾದರೂ ಹೇಳುತ್ತಾರೆ. ಬೇಗ ಆಗುತ್ತದೆ ನಿಜ. ಆದರೆ ಕಂಟೇನರ್ ಒಳಗೆ ನೀವು ಸಾಮಾನ್ಯವಾಗಿ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿರುತ್ತೀರಿ, ಸರ್ವಿಸ್‌ಗಳನ್ನು ಏಳಿಸುವ ಸಿಸ್ಟಮ್‌ಡಿ ಅಲ್ಲಿ ಓಡುತ್ತಿರುವುದಿಲ್ಲ. ಬಳಕೆದಾರನ ಅನುಮತಿ, ಸರ್ವರ್ ರೀಬೂಟ್ ಆದ ಮೇಲೆ ತಂತ್ರಾಂಶ ತಾನಾಗಿ ಏಳುತ್ತದೆಯೇ ಅನ್ನುವ ಪ್ರಶ್ನೆ, ಇವೆರಡೂ ಪರೀಕ್ಷೆಯಿಂದ ಜಾರಿಹೋಗುತ್ತವೆ. ಒಂದು ಉದಾಹರಣೆ ಸಾಕು. ಡೆಬಿಯನ್ ಹಾಕುವಾಗ ರೂಟ್‌ಗೆ ಪಾಸ್‌ವರ್ಡ್ ಕೊಟ್ಟರೆ ಮೊದಲ ಬಳಕೆದಾರನಿಗೆ ಸುಡೋ ಅಧಿಕಾರ (ರೂಟ್ ಆಗಿ ಕಮಾಂಡ್ ಓಡಿಸುವ ಅನುಮತಿ) ಸಿಗುವುದಿಲ್ಲ. ಪಾಸ್‌ವರ್ಡ್ ಖಾಲಿ ಬಿಟ್ಟರೆ ಮಾತ್ರ ಸಿಗುತ್ತದೆ. ನಿಮ್ಮ ಕೈಪಿಡಿಯ ಮೊದಲ ಸಾಲೇ "ಸುಡೋ" ಎಂದು ಶುರುವಾಗುತ್ತಿದ್ದರೆ ಅರ್ಧ ಜನ ಮೊದಲ ಸಾಲಿನಲ್ಲೇ ಬೀಳಬಹುದು, ಮತ್ತು ಅದು ನಿಮ್ಮ ತಂತ್ರಾಂಶದ ತಪ್ಪು ಎಂದುಕೊಂಡೇ ಬೀಳುತ್ತಾರೆ.

ಎರಡನೇ ವಾರ ತಿದ್ದಿ. ತಿದ್ದಿದ್ದನ್ನು ಈ ತಂತ್ರಾಂಶ ಕಂಡಿರದ ಒಬ್ಬರ ಕೈಗೆ ಕೊಟ್ಟು, ಅವರ ಹಿಂದೆ ಬಾಯಿ ಮುಚ್ಚಿಕೊಂಡು ಕೂತುಕೊಳ್ಳಿ. ಬಾಯಿ ಮುಚ್ಚುವುದೇ ಈ ಕೆಲಸದ ಕಠಿಣ ಭಾಗ. ನಾನು ಹೀಗೆ ಕೂತಿದ್ದಾಗ ಟೆಸ್ಟಿಂಗ್‌ಗೆ ಹೊಸದಾಗಿ ಸೇರಿದ ಹುಡುಗನೊಬ್ಬ 7ನೇ ಹೆಜ್ಜೆಯಲ್ಲಿ ಡೇಟಾಬೇಸ್ ಬಳಕೆದಾರನಾಗಿ ಒಳಹೋದ. ಮುಂದಿನ 5 ಹೆಜ್ಜೆಗಳನ್ನೂ ಅಲ್ಲೇ ನಿಂತು ಹೊಡೆದ, ಎಲ್ಲವೂ ಕೆಟ್ಟವು. "ಒಳಹೋಗಿ" ಅಂತ ಬರೆದಿದ್ದೆ, "ಹೊರಬನ್ನಿ" ಅಂತ ಬರೆದಿರಲಿಲ್ಲ. ಆ ಕೈಪಿಡಿ 3 ವರ್ಷದಿಂದ ಹಾಗೇ ಇತ್ತು. ನಾನೇ ಹತ್ತಾರು ಸಲ ಅದನ್ನು ಅನುಸರಿಸಿದ್ದೆ, ಪ್ರತಿಸಲವೂ ನನ್ನ ಬೆರಳು ಹೇಳದೆಯೇ ಹೊರಬಂದಿತ್ತು.

ಮೂರನೇ ವಾರ ರಿಲೀಸ್ ಕ್ಯಾಂಡಿಡೇಟ್ (ಬಿಡುಗಡೆಗೆ ಸಿದ್ಧವಾದ ಕೊನೆಯ ಕರಡು) ಮೇಲೆ ಇನ್ನೊಂದು ಸಲ ಓಡಿಸಿ. ರಿಲೀಸ್ ದಿನಕ್ಕೆ ಅರ್ಧ ಗಂಟೆ ಮೀಸಲಿಡಿ. ಡೌನ್‌ಲೋಡ್ ಕೊಂಡಿ ಅಂದೇ ಜೀವ ತಳೆಯುವುದರಿಂದ ಅದನ್ನು ಮೊದಲೇ ನೋಡಲು ಆಗುವುದಿಲ್ಲ. ಕಡತ ಕೆಡದೆ ಬಂದಿದೆಯೇ ಎಂದು ತಾಳೆ ನೋಡುವ ಚೆಕ್‌ಸಮ್ ಕೂಡ ಹಾಗೆಯೇ. ಹಳೆಯ ಕಡತದ ಚೆಕ್‌ಸಮ್ ಹೊಸ ಕೈಪಿಡಿಯಲ್ಲಿ ಉಳಿದುಬಿಟ್ಟರೆ, ಸರಿಯಾಗಿ ಪರೀಕ್ಷಿಸುವ ಜಾಗರೂಕ ಓದುಗನೇ ಹೆದರಿ ಇನ್‌ಸ್ಟಾಲ್ ನಿಲ್ಲಿಸುತ್ತಾನೆ. ಅಜಾಗರೂಕನಿಗೆ ಏನೂ ಆಗುವುದಿಲ್ಲ, ಇದೆಂಥ ನ್ಯಾಯವೋ!

ಲೀಡ್ ಜೊತೆ ವಾದಕ್ಕೆ ಇಳಿಯಬೇಡಿ. ಮೊದಲ ವಾರದ ಕಾಗದವನ್ನು ಅವರ ಮೇಜಿನ ಮೇಲಿಡಿ. "ಹಾಗೇ ಇದೆ" ಅಂದ ಕೈಪಿಡಿಯನ್ನು ಅನುಸರಿಸಿದರೆ ಎಷ್ಟನೇ ಹೆಜ್ಜೆಯಲ್ಲಿ ನಿಂತಿತು ಅನ್ನುವ ಒಂದು ಸಂಖ್ಯೆ ಸಾಕು.

ಪ್ರಶ್ನೆ: ಡೆವಲಪರ್‌ಗಳನ್ನು "ಈ ರಿಲೀಸ್‌ನಲ್ಲಿ ಇನ್‌ಸ್ಟಾಲ್‌ಗೆ ಸಂಬಂಧಿಸಿ ಏನು ಬದಲಾಯಿತು?" ಎಂದು ಕೇಳಿದರೆ "ಏನೂ ಇಲ್ಲ" ಅನ್ನುತ್ತಾರೆ. ರಿಲೀಸ್ ಆದ ಮೇಲೆ ಬಣ್ಣ ಬಯಲಾಗುತ್ತದೆ. ಅವರಿಂದ ಬಾಯಿ ಬಿಡಿಸುವುದು ಹೇಗೆ?
(ಎರಡು ರಿಲೀಸ್‌ಗಳಲ್ಲಿ ಬೈಸಿಕೊಂಡವರು)

ಉತ್ತರ: ಅವರು ಮುಚ್ಚಿಡುತ್ತಿಲ್ಲ, ಮರೆತಿದ್ದಾರೆ. 4 ತಿಂಗಳ ಹಿಂದೆ ಒಂದು ಹೊಸ ಲೈಬ್ರರಿ ಸೇರಿಸಿ, ತಮ್ಮ ಯಂತ್ರದಲ್ಲಿ ಒಂದು ಕಮಾಂಡ್ ಹೊಡೆದು, ಅಂದೇ ಮರೆತರು. ನಿಮ್ಮ ಪ್ರಶ್ನೆ ಅವರ ನೆನಪನ್ನು ಕೇಳುತ್ತದೆ. ನೀವು ಕೇಳಬೇಕಾದದ್ದು ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಅನ್ನು.

ಹಿಂದಿನ ರಿಲೀಸ್ ಟ್ಯಾಗ್ ಮತ್ತು ಈಗಿನದರ ನಡುವೆ ಡಿಫ್ (ವ್ಯತ್ಯಾಸದ ಪಟ್ಟಿ) ತೆಗೆಯಿರಿ. ಇಡೀ ಕೋಡ್ ಓದಬೇಕಿಲ್ಲ, ನನಗೂ ಅದು ಅರ್ಥವಾಗುವುದಿಲ್ಲ. ಯಾವ ಕಡತಗಳು ಬದಲಾದವು ಅನ್ನುವ ಪಟ್ಟಿ ಮಾತ್ರ ನೋಡಿ. ಅದರಲ್ಲಿ ನಾನು ಹುಡುಕುವುದು ಕೆಲವೇ ಹೆಸರು. ಯಾವ ಲೈಬ್ರರಿಗಳು ಬೇಕು ಅಂತ ಪಟ್ಟಿ ಮಾಡುವ ಕಡತ ಮೊದಲನೆಯದು. ಮಾದರಿ ಕಾನ್ಫಿಗರೇಶನ್ ಕಡತ ಎರಡನೆಯದು. ಅಲ್ಲಿ ಹೊಸ ಸಾಲು ಬಂದಿದ್ದರೆ ಕೈಪಿಡಿಯಲ್ಲಿ ಹೊಸ ಹೆಜ್ಜೆ ಬೇಕು ಅಂತ ಬಹುಪಾಲು ಖಚಿತ. ಡಾಕರ್‌ಫೈಲ್ (ಕಂಟೇನರ್ ಕಟ್ಟುವ ಸೂಚನೆ), ಡೇಟಾಬೇಸ್ ಮೈಗ್ರೇಶನ್ (ರಚನೆ ಬದಲಿಸುವ) ಫೋಲ್ಡರ್, ಸರ್ವಿಸ್ ಕಡತ, ಇವು ಉಳಿದವು. ಎರಡು ಗಂಟೆಯ ಕೆಲಸ. ಮುಗಿದ ಮೇಲೆ ಡೆವಲಪರ್ ಹತ್ತಿರ ಹೋಗಿ "ಏನು ಬದಲಾಯಿತು" ಅಂತ ಕೇಳಬೇಡಿ, "ಮಾದರಿ ಕಡತದಲ್ಲಿ ಈ ಕ್ಯಾಶ್ (ತಾತ್ಕಾಲಿಕ ಸಂಗ್ರಹ) ಸಾಲು ಬಂದಿದೆಯಲ್ಲ, ಇದನ್ನು ತುಂಬದೆ ಬಿಟ್ಟರೆ ಏನಾಗುತ್ತದೆ?" ಅಂತ ಕೇಳಿ. ಆಗ ನೋಡಿ ಹೇಗೆ ಮಾತಾಡುತ್ತಾರೆ. ನಿಲ್ಲಿಸುವುದೇ ಕಷ್ಟ.

ಇನ್ನೂ ಒಂದು ಜಾಗವಿದೆ. ಪ್ರತಿಸಲ ಕೋಡ್ ಸೇರಿಸಿದಾಗ ತಾನಾಗಿ ಓಡುವ ಸಿಐ ಸ್ಕ್ರಿಪ್ಟ್ ನಿಮ್ಮ ತಂಡದಲ್ಲೂ ಇರುತ್ತದೆ. ಅದು ದಿನವೂ ಖಾಲಿ ಯಂತ್ರದ ಮೇಲೆ ತಂತ್ರಾಂಶವನ್ನು ಎಬ್ಬಿಸುತ್ತದೆ. ಅಂದರೆ ನಿಮ್ಮ ಕಂಪನಿಯಲ್ಲಿ ಸುಳ್ಳು ಹೇಳಲು ಬಾರದ ಇನ್‌ಸ್ಟಾಲ್ ಕೈಪಿಡಿ ಅದೊಂದೇ. ಕೈಪಿಡಿಯ ಹೆಜ್ಜೆಗೂ ಆ ಸ್ಕ್ರಿಪ್ಟಿನ ಸಾಲಿಗೂ ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಪ್ರಶ್ನೆ ಇದೆ ಅಂತ ತಿಳಿಯಿರಿ. ಸಾಧ್ಯವಾದರೆ ಕೈಪಿಡಿಯ ಕಮಾಂಡ್‌ಗಳನ್ನೇ ಪುಟದಿಂದ ಹೆಕ್ಕಿ ಸಿಐನಲ್ಲಿ ಓಡಿಸುವ ಏರ್ಪಾಡು ಮಾಡಿಸಿ. ನಮ್ಮ ತಂಡದಲ್ಲಿ ಇದನ್ನು ಮಾಡಿದ ಮೊದಲ ವಾರವೇ ಬಿಲ್ಡ್ ಕೆಂಪಾಯಿತು, ಅಂದರೆ ಪರೀಕ್ಷೆ ಸೋತಿತು. ಡೆವಲಪರ್‌ಗಳು ಕೈಪಿಡಿಯ ಬಗ್ಗೆ ತಾವಾಗಿ ನನ್ನ ಮೇಜಿಗೆ ನಡೆದುಬಂದ ಮೊದಲ ದಿನ ಅದು. ಇನ್‌ಸ್ಟಾಲ್ ಬದಲಿಸುವ ಕೋಡ್ ಜೊತೆಯಲ್ಲೇ ಕೈಪಿಡಿಯ ತಿದ್ದುಪಡಿಯೂ ಬರಬೇಕು ಅನ್ನುವ ನಿಯಮ ಆಮೇಲೆ ಬಂತು. ಮೊದಲೇ ನಿಯಮ ಮಾಡಲು ಹೋಗಿದ್ದರೆ ಬೆಕ್ಕಿಗೆ ಗಂಟೆ ಕಟ್ಟುವ ಕಥೆಯೇ ಆಗುತ್ತಿತ್ತು.

ಪ್ರಶ್ನೆ: ಆವೃತ್ತಿ ನಂಬರನ್ನು ಒಂದೇ ಕಡೆ ಬರೆದು, ಉಳಿದೆಡೆ ತಾನಾಗಿ ಬರುವಂತೆ ವೇರಿಯಬಲ್ ಮಾಡಿದ್ದೇವೆ. ಈಗ ಕೈಪಿಡಿ ಯಾವಾಗಲೂ ಹೊಸದಾಗಿಯೇ ಇರುತ್ತದಲ್ಲವೇ?
(ಸ್ಫಿಂಕ್ಸ್ ಬಳಸುವವರು)

ಉತ್ತರ: ಹೊಸದಾಗಿ *ಕಾಣುತ್ತದೆ*. ನನ್ನ 61 ಜಾಗದ ಅನಾಹುತ ನಿಮಗೆ ಆಗುವುದಿಲ್ಲ, ಅಷ್ಟರಮಟ್ಟಿಗೆ ನೀವು ನನಗಿಂತ ಜಾಣರು. ಕೈಪಿಡಿ ಕಟ್ಟುವ ಸಾಧನವಾದ ಸ್ಫಿಂಕ್ಸ್‌ನಲ್ಲಿ "ವರ್ಷನ್" ಮತ್ತು "ರಿಲೀಸ್" ಅಂತ ಎರಡು ಇವೆ, ಮೊದಲನೆಯದು 4.3 ರೀತಿಯ ಚಿಕ್ಕ ನಂಬರ್, ಎರಡನೆಯದು 4.3.1 ಅಥವಾ ಬೀಟಾ ಗುರುತೂ ಸೇರಿದ ಪೂರ್ತಿ ನಂಬರ್. ಡೌನ್‌ಲೋಡ್ ಕಡತದ ಹೆಸರಿಗೆ ಎರಡನೆಯದು ಬೇಕು, ಅಲ್ಲಿ ಮೊದಲನೆಯದನ್ನು ಹಾಕಿ ಕೊಂಡಿ ಮುರಿದವರು ಹಲವರು. ಮತ್ತೊಂದು: ಮಾಮೂಲಿ ಕೋಡ್ ಬ್ಲಾಕ್ ಒಳಗೆ ಈ ವೇರಿಯಬಲ್ ಬದಲಾಗುವುದಿಲ್ಲ, ಎರಡು ನೆಟ್ಟನೆಯ ಗೆರೆಗಳ ನಡುವಿನ ಹೆಸರು ಹಾಗೇ ಅಚ್ಚಾಗುತ್ತದೆ. ಅದಕ್ಕೆ "ಪಾರ್ಸ್ಡ್ ಲಿಟರಲ್" ಎಂಬ ಬೇರೆ ಬ್ಲಾಕ್ ಬಳಸಬೇಕು. ಆಸ್ಕಿಡಾಕ್ ಎಂಬ ಇನ್ನೊಂದು ಬರವಣಿಗೆ ವಿಧಾನದಲ್ಲೂ ಕೋಡ್ ಬ್ಲಾಕಿಗೆ ಪ್ರತ್ಯೇಕವಾಗಿ ಹೇಳದಿದ್ದರೆ ಇದೇ ಕಥೆ. ಕಮಾಂಡ್‌ಗಳೆಲ್ಲ ಕೋಡ್ ಬ್ಲಾಕ್ ಒಳಗೇ ಇರುವುದರಿಂದ, ನಂಬರ್ ಎಲ್ಲಿ ನಿಜವಾಗಿ ಬೇಕೋ ಅಲ್ಲೇ ಕೈಕೊಡುತ್ತದೆ.

ಆದರೆ ನನ್ನ ತಕರಾರು ಬೇರೆ. ವೇರಿಯಬಲ್ ಬದಲಾದ ಕ್ಷಣಕ್ಕೆ ಪ್ರತಿ ಪುಟವೂ "ನಾನು 4.3ಕ್ಕೆ ಸೇರಿದವನು" ಎಂದು ಹೇಳತೊಡಗುತ್ತದೆ, ಯಾರೂ ಅದನ್ನು 4.3ರ ಮೇಲೆ ಓಡಿಸಿ ನೋಡಿರದಿದ್ದರೂ. ಹಳೆಯ ನಂಬರ್ ಇದ್ದ ಪುಟಕ್ಕಾದರೂ ಒಂದು ಪ್ರಾಮಾಣಿಕತೆ ಇತ್ತು. ಹಾಗಾಗಿ ನಾನು ಪ್ರತಿ ಇನ್‌ಸ್ಟಾಲ್ ಪುಟದ ಕೆಳಗೆ ಕೈಯಿಂದಲೇ ತಿದ್ದಬೇಕಾದ ಒಂದು ಸಾಲು ಇಡುತ್ತೇನೆ: ಇಂಥ ಆವೃತ್ತಿಯನ್ನು, ಇಂಥ ಆಪರೇಟಿಂಗ್ ಸಿಸ್ಟಮ್ ಮೇಲೆ, ಇಂಥ ದಿನ ಓಡಿಸಿ ನೋಡಲಾಗಿದೆ. ಆ ಸಾಲಿಗೆ ವೇರಿಯಬಲ್ ನಿಷಿದ್ಧ. ಡೆಬಿಯನ್ 12 ಮತ್ತು ಉಬುಂಟು 24.04 ಎರಡರ ಮೇಲೆ ಮಾತ್ರ ನೋಡಿದ್ದರೆ ಅವೆರಡನ್ನೇ ಬರೆಯುತ್ತೇನೆ. ಒಂದು ಡಜನ್ ಸಿಸ್ಟಮ್‌ಗಳ ಹೆಸರು ಹಾಕಿ ಒಂದನ್ನೂ ನೋಡದ ಪಟ್ಟಿಗಿಂತ ಅದು ಮೇಲು.

ಪ್ರಶ್ನೆ: ಪ್ರತಿ ಹೆಜ್ಜೆಗೂ ಸ್ಕ್ರೀನ್‌ಶಾಟ್ ಬೇಕೇ?

ಉತ್ತರ: ಬೇಡ. ಬಟನ್ ಬಣ್ಣ ಬದಲಾದರೂ ಚಿತ್ರ ಹಳತಾಗುತ್ತದೆ, ಆಗ ಓದುಗ ತಾನೇ ದಾರಿ ತಪ್ಪಿದೆ ಎಂದುಕೊಳ್ಳುತ್ತಾನೆ. ನೋಡಿ ಆರಿಸಬೇಕಾದ ಪರದೆಗೆ ಮಾತ್ರ ಒಂದು ಚಿತ್ರ ಹಾಕಿ. ಉಳಿದೆಡೆ ಪರದೆಯ ಮೇಲಿನ ಮಾತನ್ನು ಇದ್ದಹಾಗೇ ಬರೆದರೆ ಸಾಕು, ಅದನ್ನು ಹುಡುಕಲೂಬಹುದು.

ಪ್ರಶ್ನೆ: ಹೊಸ ಕೈಪಿಡಿ ಹಾಕಿದ ಮೇಲೆ ಹಳೆಯ ಆವೃತ್ತಿಗಳ ಪುಟಗಳನ್ನು ಅಳಿಸಿಬಿಡಬೇಕೆಂದು ನಾನು, ಬೇಡವೆಂದು ನನ್ನ ಸಹೋದ್ಯೋಗಿ. ನೀವೇ ತೀರ್ಪು ಕೊಡಿ.
(ಅಳಿಸುವ ಪಕ್ಷ)

ಉತ್ತರ: ಸೋತಿರಿ. ನಿಮ್ಮ ತಂತ್ರಾಂಶದ ಹಳೆಯ ಆವೃತ್ತಿ ಯಾವುದೋ ಸರ್ವರ್‌ನಲ್ಲಿ ಇನ್ನೂ ಓಡುತ್ತಿದೆ. ಆ ಸರ್ವರ್ ಕೆಟ್ಟು ಮತ್ತೆ ಕಟ್ಟಬೇಕಾದ ರಾತ್ರಿ, ಅದನ್ನು ನೋಡಿಕೊಳ್ಳುವವರಿಗೆ ಬೇಕಾಗುವುದು ಹಳೆಯ ಕೈಪಿಡಿಯೇ. ಪೋಸ್ಟ್‌ಗ್ರೆಸ್‌ನವರನ್ನು ನೋಡಿ ಕಲಿಯಬೇಕು. ಪ್ರತಿ ಮುಖ್ಯ ಆವೃತ್ತಿಯನ್ನು 5 ವರ್ಷ ನೋಡಿಕೊಳ್ಳುತ್ತಾರೆ, ಪ್ರತಿಯೊಂದಕ್ಕೂ ಪೂರ್ತಿ ಕೈಪಿಡಿ ಬೇರೆಯಾಗಿ ಇದೆ, ಒಂದು ಪುಟದಿಂದ ಇನ್ನೊಂದು ಆವೃತ್ತಿಯ ಅದೇ ಪುಟಕ್ಕೆ ನೇರ ಹೋಗಬಹುದು. "ಕರೆಂಟ್" ಎಂಬ ಸ್ಥಿರ ವಿಳಾಸವೊಂದು ಯಾವಾಗಲೂ ಹೊಸದಕ್ಕೆ ಕರೆದೊಯ್ಯುತ್ತದೆ. ಬೇರೆಡೆಯಿಂದ ಕೊಂಡಿ ಕೊಡುವವರಿಗೆ ಆ ವಿಳಾಸ ಕೊಟ್ಟರೆ ಮುಂದಿನ ರಿಲೀಸ್‌ನಲ್ಲಿ ಯಾರೂ ಏನನ್ನೂ ತಿದ್ದಬೇಕಿಲ್ಲ.

ನಿಮ್ಮ ವಾದದಲ್ಲೂ ಹುರುಳಿದೆ, ಇಲ್ಲವೆನ್ನಲಾರೆ. ಹುಡುಕಿದವರ ಕೈಗೆ ಮೊದಲು ಸಿಗುವುದು ಹಳೆಯ ಪುಟವೇ, ಯಾಕೆಂದರೆ ವರ್ಷಗಳಿಂದ ಅದಕ್ಕೇ ಕೊಂಡಿಗಳು ಸೇರಿಕೊಂಡಿರುತ್ತವೆ. ಆದ್ದರಿಂದ ಹಳೆಯ ಪುಟದ ನೆತ್ತಿಯ ಮೇಲೆ, ಮೊದಲ ಕಮಾಂಡಿಗಿಂತ ಮೇಲೆ, "ಇದು ಹಳೆಯ ಆವೃತ್ತಿಯದು" ಎಂಬ ಪಟ್ಟಿ ಮತ್ತು ಹೊಸ ಪುಟದ ಕೊಂಡಿ ಇರಲೇಬೇಕು. ಮುಖಪುಟದಲ್ಲಿ ಹಾಕಿ ಕೈತೊಳೆದುಕೊಂಡರೆ ಆಗದು. ಹುಡುಕಿ ಬಂದವರು ಮುಖಪುಟದ ಮೂಲಕ ಬರುವುದಿಲ್ಲ.

ಹಳೆಯ ಪುಟವನ್ನೂ ಒಮ್ಮೊಮ್ಮೆ ಮುಟ್ಟಬೇಕಾಗುತ್ತದೆ. ಸೆಂಟ್‌ಒಎಸ್ 7 ಎಂಬ ಲಿನಕ್ಸ್‌ನ ಆಯುಷ್ಯ 2024ರ ಜೂನ್ 30ಕ್ಕೆ ಮುಗಿಯಿತು, ಅದರ ಪ್ಯಾಕೇಜ್‌ಗಳು "ವಾಲ್ಟ್" ಎಂಬ ಹಳೆಯ ಸಂಗ್ರಹಕ್ಕೆ ಹೋದವು. ಅಲ್ಲಿಂದಾಚೆಗೆ ಅದರ ಮೇಲಿನ ಮಾಮೂಲಿ ಇನ್‌ಸ್ಟಾಲ್ ಕಮಾಂಡ್ ಕೂಡ ಸರ್ವರ್ ಸಿಗದೆ ನಿಲ್ಲುತ್ತದೆ. ಕಂಟೇನರ್‌ಗಳನ್ನು ನಿಭಾಯಿಸುವ ಕ್ಯೂಬರ್ನೆಟಿಸ್‌ನವರು 2023ರ ಸೆಪ್ಟೆಂಬರ್ 13ರಂದು ತಮ್ಮ ಹಳೆಯ ಪ್ಯಾಕೇಜ್ ರೆಪೊಸಿಟರಿಯನ್ನು (ಸಂಗ್ರಹವನ್ನು) ಸ್ಥಗಿತಗೊಳಿಸಿ ಹೊಸ ವಿಳಾಸಕ್ಕೆ ಹೋದರು, ಅಲ್ಲಿ 1.28, 1.29 ಎಂದು ಪ್ರತಿ ಆವೃತ್ತಿಗೂ ಬೇರೆ ರೆಪೊಸಿಟರಿ. ಇಂಥ ಸುದ್ದಿ ಬಂದಾಗ ಹಳೆಯ ಪುಟದಲ್ಲಿ ಒಂದು ಸಾಲಿನ ಎಚ್ಚರಿಕೆ ಸೇರಿಸಿ, ಉಳಿದದ್ದನ್ನು ಮುಟ್ಟಬೇಡಿ. ಕೊಂಡಿಗಳನ್ನು ಯಂತ್ರವೇ ಪರೀಕ್ಷಿಸಬಲ್ಲದು. ಸ್ಫಿಂಕ್ಸ್‌ನಲ್ಲಿ ಅದಕ್ಕೆ "ಲಿಂಕ್‌ಚೆಕ್" ಇದೆ, ತಿಂಗಳಿಗೊಮ್ಮೆ ಓಡಿಸಿ. ಆದರೆ ಅದು ಬಾಗಿಲು ತೆರೆದಿದೆಯೇ ಅಂತಷ್ಟೇ ನೋಡುತ್ತದೆ. ಒಳಗೆ ವಾಸವಿರುವವರು ಬದಲಾಗಿದ್ದರೆ ಅದಕ್ಕೆ ತಿಳಿಯದು.

ಪ್ರಶ್ನೆ: ನಾವು ಇಬ್ಬರು ಸೇರಿ ಒಂದು ಮುಕ್ತ ತಂತ್ರಾಂಶದ ಕೈಪಿಡಿಯನ್ನು ಅನುವಾದಿಸುತ್ತೇವೆ. ಮೂಲ ಬದಲಾದಂತೆಲ್ಲ ನಮ್ಮದು ಹಿಂದೆ ಬೀಳುತ್ತದೆ. ಓಡಿ ಓಡಿ ಸಾಕಾಗಿದೆ. ಏನು ಮಾಡೋಣ?
(ಬಿಡುವಿನ ವೇಳೆಯ ಅನುವಾದಕರು)

ಉತ್ತರ: ಪುಟವನ್ನು ಇಡಿಯಾಗಿ ಅನುವಾದಿಸಿ ಬೇರೆ ಕಡತವಾಗಿ ಇಟ್ಟುಕೊಂಡಿದ್ದೀರಿ ಅಂತ ಊಹಿಸುತ್ತೇನೆ. ಅದನ್ನು ಬಿಟ್ಟು ಗೆಟ್‌ಟೆಕ್ಸ್ಟ್ ಎಂಬ ಅನುವಾದ ಸಾಧನದ ಪಿಒ ಕಡತಗಳಿಗೆ ಬನ್ನಿ. ಅಲ್ಲಿ ಒಂದೊಂದು ಪ್ಯಾರಾ ಒಂದೊಂದು ತುಂಡು. ಮೂಲದ ಪ್ಯಾರಾ ಸ್ವಲ್ಪ ಬದಲಾದರೆ ಹಳೆಯ ಅನುವಾದಕ್ಕೆ "ಫಜಿ" ಎಂಬ ಗುರುತು ಬೀಳುತ್ತದೆ. ಆ ಗುರುತು ಇರುವ ತನಕ ಓದುಗನಿಗೆ ಹಳೆಯ ಅನುವಾದ ಕಾಣುವುದಿಲ್ಲ, ಹೊಸ ಇಂಗ್ಲಿಷ್ ಪ್ಯಾರಾವೇ ಕಾಣುತ್ತದೆ. ಅನುವಾದದ ನಡುವೆ ಇಂಗ್ಲಿಷ್ ತುಂಡು ನೋಡಲು ಚೆಂದವಿಲ್ಲ, ಒಪ್ಪುತ್ತೇನೆ. ಆದರೆ ಇನ್‌ಸ್ಟಾಲ್ ಕೈಪಿಡಿಯಲ್ಲಿ ಸೊಗಸಾದ ಹಳೆಯ ಕಮಾಂಡಿಗಿಂತ ಒರಟಾದ ಹೊಸ ಕಮಾಂಡ್ ಓದುಗನನ್ನು ಮುಂದಕ್ಕೆ ಕೊಂಡೊಯ್ಯುತ್ತದೆ.

ನೀವಿಬ್ಬರೇ ಇದ್ದರೆ ಎಲ್ಲವನ್ನೂ ಬೆನ್ನಟ್ಟಬೇಡಿ. ಯಾಕೆ, ಏನು, ಯಾವುದನ್ನು ಆರಿಸಬೇಕು ಎಂದು ವಿವರಿಸುವ ಭಾಗಗಳು ಬೇಗ ಬದಲಾಗುವುದಿಲ್ಲ, ಜನಕ್ಕೆ ತಮ್ಮ ಭಾಷೆಯಲ್ಲಿ ಬೇಕಾದದ್ದೂ ಅವೇ. ಅಲ್ಲಿ ಶ್ರಮ ಹಾಕಿ. ಕಮಾಂಡ್ ಮತ್ತು ದೋಷ ಸಂದೇಶಗಳನ್ನು ಅನುವಾದಿಸಲೇಬೇಡಿ. ಒಬ್ಬರು ಕಡತದ ಹೆಸರನ್ನೂ ಅನುವಾದಿಸಿ ಕಳುಹಿಸಿದ್ದರು. ಭಾಷೆ ಬಲು ಸೊಗಸಾಗಿತ್ತು, ಕಡತ ಸಿಗಲಿಲ್ಲ.

ಪ್ರಶ್ನೆ: ನಾನು ಬರೆಯುವವನಲ್ಲ, ಬಳಸುವವನು. ಕೈಪಿಡಿಯನ್ನು ಸಾಲುಸಾಲಾಗಿ ಅನುಸರಿಸಿದರೂ ಎರರ್ ಬರುತ್ತದೆ. ಕೇಳಲು ಮುಜುಗರ, ನನ್ನದೇ ತಪ್ಪಿರಬಹುದು ಅನಿಸುತ್ತದೆ. ಮೊದಲು ಏನು ನೋಡಬೇಕು?
(ಮೂರು ರಾತ್ರಿ ನಿದ್ದೆಗೆಟ್ಟವನು)

ಉತ್ತರ: ಮೊದಲು ಪುಟದ ಆವೃತ್ತಿಗೂ ನೀವು ಇಳಿಸಿಕೊಂಡ ಕಡತದ ಆವೃತ್ತಿಗೂ ಹೊಂದುತ್ತದೆಯೇ ನೋಡಿ. ಆಮೇಲೆ ಕಾಪಿ ಪೇಸ್ಟ್ ಮಾಡಿದ ಸಾಲನ್ನು ಕಣ್ಣಿಟ್ಟು ನೋಡಿ. ಸಾಲಿನ ಮೊದಲಿಗೆ ಡಾಲರ್ ಚಿಹ್ನೆ ಬಂದಿದ್ದರೆ ತೆಗೆಯಿರಿ. ಅದು ಟರ್ಮಿನಲ್‌ನ ಗುರುತು, ಕಮಾಂಡಿನ ಭಾಗವಲ್ಲ. ಕೈಪಿಡಿ ಬರೆದವರು ವರ್ಡ್ ಪ್ರೊಸೆಸರ್‌ನಲ್ಲಿ ಬರೆದಿದ್ದರೆ ಎರಡು ಚಿಕ್ಕ ಅಡ್ಡಗೆರೆಗಳು ಸೇರಿ ಒಂದು ಉದ್ದ ಗೆರೆಯಾಗಿರುತ್ತವೆ, ನೆಟ್ಟನೆಯ ಉದ್ಧರಣ ಚಿಹ್ನೆಗಳು ಬಾಗಿರುತ್ತವೆ. ನಿಮ್ಮ ಕಣ್ಣಿಗೆ ಒಂದೇ, ಟರ್ಮಿನಲ್‌ಗೆ ಬೇರೆ. ಆ ಚಿಹ್ನೆಗಳನ್ನು ಕೈಯಿಂದ ಹೊಡೆದು ನೋಡಿ.

ಇಷ್ಟಾದರೂ ನಿಂತರೆ ಮುಜುಗರ ಬಿಟ್ಟು ಬರೆಯಿರಿ. "ನಿಮ್ಮ ಕೈಪಿಡಿ ಕೆಲಸ ಮಾಡುತ್ತಿಲ್ಲ" ಎಂದು ಬರೆದರೆ ನನ್ನಂಥವಳಿಗೆ ಮಾಡಲು ಏನೂ ಇರುವುದಿಲ್ಲ. ಯಾವ ಆಪರೇಟಿಂಗ್ ಸಿಸ್ಟಮ್, ಅದರ ಯಾವ ಆವೃತ್ತಿ, ಎಷ್ಟನೇ ಹೆಜ್ಜೆ, ಹೊಡೆದ ಸಾಲು ಯಾವುದು, ಬಂದ ಸಂದೇಶ ಯಾವುದು, ಇಷ್ಟನ್ನು ಅಕ್ಷರವಾಗಿ ಅಂಟಿಸಿ, ಫೋಟೋ ಬೇಡ. ಪಾಸ್‌ವರ್ಡ್ ಇದ್ದರೆ ಅಳಿಸಿ. ಸಪೋರ್ಟ್ ಫೋನ್ ಎತ್ತುತ್ತಿದ್ದ ಕಾಲದಲ್ಲಿ "ನನ್ನದೇ ತಪ್ಪಿರಬಹುದು" ಎಂದು ಮಾತು ಶುರು ಮಾಡಿದವರಿಗಾಗಿ ನಾನೊಂದು ಚಿಕ್ಕ ಪುಸ್ತಕ ಇಟ್ಟಿದ್ದೆ, ಅವರು ಹೇಳಿದ ಹೆಜ್ಜೆ ಸಂಖ್ಯೆ ಬರೆದುಕೊಳ್ಳಲು. ಒಂದೇ ಸಂಖ್ಯೆ ಮೂರು ಸಲ ಬಂದ ದಿನ ಆ ಪುಟವನ್ನು ತೆರೆದು ಖಾಲಿ ಯಂತ್ರದ ಮುಂದೆ ಕೂರುತ್ತಿದ್ದೆ. ನಿಮ್ಮದು ಎಷ್ಟನೇ ಹೆಜ್ಜೆ ಅಂತ ಪತ್ರದಲ್ಲಿ ಬರೆದಿಲ್ಲವಲ್ಲ?